ಮೂರಕ್ಕೂ ಒಂಬತ್ತಕ್ಕೂ ನಡುವೆ

ಸಂಫ್ಯದ ಮೀನುಪೇಟೆಯ ಹಿಂದೆ, ಹಳೆಯ ಐಸ್ ಕೋಣೆಯಲ್ಲಿ
ವಾರಕ್ಕೆ ಮೂರು ಸಂಜೆ ನನ್ನ ಶಾಲೆ.
ಹನ್ನೊಂದು ಜನ. ಎಲ್ಲರ ಬೆರಳಿಗೂ ಚಿಸೆನ್ಸೆ ಮೀನಿನ ವಾಸನೆ,
ಪುಸ್ತಕಗಳಿಗೂ ಹತ್ತಿದೆ; ಬೆಕ್ಕು ಬಂದು ಮೂಸಿ ಹೋಗುತ್ತದೆ.

ಅಕ್ಷರ ಕೂಡಿಸುವುದು ಬಂದಿತ್ತು ಅವರಿಗೆ,
ಓದಿದ್ದು ಕೂಡಿ ಬರುತ್ತಿರಲಿಲ್ಲ.
ಸಾಲಿನ ಬಾಲ ಹಿಡಿಯುವಷ್ಟರಲ್ಲಿ ತಲೆ ಜಾರಿರುತ್ತಿತ್ತು.
ಒಂದು ಸಂಜೆ ಕೇಳಿದೆ: ಮೀನು ಸೀಳುವಾಗ
ಬೆರಳು ಮೊದಲು ಏನು ಹುಡುಕುತ್ತದೆ?
ನಡುಮುಳ್ಳು, ಎಂದರು, ಇದೂ ಒಂದು ಪ್ರಶ್ನೆಯೇ ಎಂಬಂತೆ.
ಹಾಗಾದರೆ ಕಾಗದದಲ್ಲೂ ಅದನ್ನೇ ಹುಡುಕಿ. ಮಾಂಸ ಆಮೇಲೆ.

ಮರಗೆಣಸಿನ ಕರಪತ್ರ ತೆಗೆದೆವು.
ಸಿಪ್ಪೆ ಸುಲಿಯಿರಿ, ಆಮೇಲೆ ಮೂರು ದಿನ ನೆನೆಹಾಕಿ,
ಆಮೇಲೆ ಒಣಗಿಸಿ, ಆಮೇಲೆ ಕುಟ್ಟಿ.
ಇದರ ಮುಳ್ಳು 'ಎಲ್ಯೊ', ನಮ್ಮ ಬೆಂಬಾದ 'ಆಮೇಲೆ'.

ಆಸ್ಪತ್ರೆಯವರ ಹಾಳೆ ಬೇರೆ ಜಾತಿ:
ಮಗುವಿಗೆ ಜ್ವರ, ಏಕೆಂದರೆ ಸೊಳ್ಳೆ;
ಸೊಳ್ಳೆ, ಏಕೆಂದರೆ ಹಿತ್ತಿಲ ಡಬ್ಬಿಯಲ್ಲಿ ನಿಂತ ನೀರು.
'ಪನ್ತು', 'ಪನ್ತು' ಎಂದು ಎಳೆದರೆ
ಜ್ವರದ ತುದಿಗೆ ನಮ್ಮದೇ ಡಬ್ಬಿ ಬಂತು.

ಬಲೆ ಮಾರುವವನದ್ದು ತಕ್ಕಡಿ:
ನೈಲಾನು ಹಗುರ, ಆದರೆ. ನೂಲು ಭಾರ, ಆದರೆ.
ನಮ್ಮಲ್ಲಿ 'ಲೆಲೊ' ಎಂದರೆ ಆದರೆ, ಇವತ್ತು ಎಂದರೂ ಲೆಲೊ.
"ಅದಕ್ಕೇ ಇವತ್ತು ಅನ್ನುವುದು ಯಾವತ್ತೂ ನೆಟ್ಟಗಿರುವುದಿಲ್ಲ"
ಎಂದ ಮುದುಕ ನ್ಕೋಲೆ. ಲಾಟೀನು ನಡುಗುವಷ್ಟು ನಕ್ಕೆವು.

ಚಿಬೇಸ ನಗಲಿಲ್ಲ.
ಮರುವಾರ ಚಿತೆಂಗೆಯ ಗಂಟಿನಿಂದ
ನಾಲ್ಕು ಮಡಿಕೆಯ ಕಾಗದ ಬಿಚ್ಚಿದಳು.
ಮಗ ಕಪಾಸ ಹೋದ ದೋಣಿಯ ವರದಿ, ಸಾರಿಗೆ ಕಚೇರಿಯದು.
ಎರಡು ವರ್ಷ ಎದೆಗೆ ಒತ್ತಿಕೊಂಡಿದ್ದಳು,
ಓದಲು ಬರುವ ಯಾರಿಗೂ ಕೊಟ್ಟಿರಲಿಲ್ಲ.

ಮೂರು ಸಂಜೆ ಓದಿದಳು. ಬೆರಳಿಟ್ಟು, ತುಟಿ ಆಡಿಸುತ್ತ.
ಬೆಳಿಗ್ಗೆ ಆರಕ್ಕೆ ದೋಣಿ ಹೊರಟಿತು. ಆಮೇಲೆ ಗಾಳಿ ಎದ್ದಿತು.
ಆಮೇಲೆ ದೋಣಿ ವಾಲಿತು. ಆಮೇಲೆ ಹುಡುಕಾಟ.
ಆಮೇಲೆ ಹೆಣಗಳನ್ನು ವಾರಸುದಾರರಿಗೆ ಒಪ್ಪಿಸಲಾಯಿತು.
"ಹದಿನಾಲ್ಕು ಎಲ್ಯೊ," ಎಂದಳು.
"ಪನ್ತು ಒಂದೂ ಇಲ್ಲ. ಟೀಚರ್,
ಇದು ಮರಗೆಣಸಿನ ಕಾಗದ.
ನನ್ನ ಮಗನನ್ನು ನೆನೆಹಾಕಿದ್ದಾರೆ, ಒಣಗಿಸಿದ್ದಾರೆ, ಮಣ್ಣಿಗೆ ಹಾಕಿದ್ದಾರೆ."

ಎಡಗೈ ಬೆರಳು ಮೂರನೆಯ ಪ್ಯಾರಾದ ಮೇಲೆ:
ಈ ದೋಣಿಗೆ ಇಪ್ಪತ್ತು ಜನರ ಪರವಾನಗಿ.
ಬಲಗೈ ಬೆರಳು ಒಂಬತ್ತರ ಮೇಲೆ, ಪುಟದ ಹಿಂಬದಿಯಲ್ಲಿ:
ಹತ್ತಿದವರು ನಲವತ್ತೊಂದು.
ನಡುವೆ ಆರು ಪ್ಯಾರಾ ಗಾಳಿ.
ಅವಳು ಕಾಗದ ಮಡಿಸಿದಳು,
ಇಪ್ಪತ್ತು ಹೋಗಿ ನಲವತ್ತೊಂದಕ್ಕೆ ತಾಗುವ ಹಾಗೆ.

ನಾನು ಹೇಳಬೇಕಾದ ಮಾತು ಒಂದಿತ್ತು.
ಆ ವರದಿಯನ್ನು ಬೆಂಬಾಕ್ಕೆ ತಂದವಳು ನಾನೇ.
ಕಚೇರಿ ಮುನ್ನೂರು ಕ್ವಾಚ ಕೊಟ್ಟಿತ್ತು, ಒಂದು ಪೆನ್ನೂ.
ಪ್ರತಿ 'ಎಲ್ಯೊ' ಸರಿಯಾಗಿ ಬಿದ್ದಿದೆಯೇ ಎಂದು
ಎರಡು ಸಲ ತಿದ್ದಿದ್ದೆ. ಮುಳ್ಳು ಮುಟ್ಟಿರಲಿಲ್ಲ.

ಹೇಳಿದೆ. ಕೋಣೆಯಲ್ಲಿ ಯಾರೂ ಕೆಮ್ಮಲಿಲ್ಲ.
ಚಿಬೇಸ ನನ್ನನ್ನು ಬಹಳ ಹೊತ್ತು ನೋಡಿದಳು,
ಕೊಳ್ಳುವ ಮೊದಲು ಕಿವಿರು ಎತ್ತಿ ನೋಡುವ ಹಾಗೆ.
ಕೊನೆಗೆ ಒಂದು ಖಾಲಿ ಹಾಳೆ ಕೇಳಿದಳು.
ಕಚೇರಿಗೆ ಪತ್ರವೇ, ಎಂದೆ.
"ಹೂಂ. ಆಸ್ಪತ್ರೆ ಹಾಳೆಯ ಜಾತಿಯದು."

ಪೆನ್ಸಿಲಿನ ತುದಿ ನಾಲಿಗೆಗೆ ತಾಗಿಸಿ
'ಪನ್ತು' ಎಂದು ಬರೆದಳು, ದಪ್ಪಗೆ, ಓರೆಯಾಗಿ,
ಪುಟದ ನಟ್ಟನಡುವೆ.
ಅದರ ಮೇಲೂ ಕೆಳಗೂ ಸಾಕಷ್ಟು ಜಾಗ ಬಿಟ್ಟು
ನನ್ನ ಕಡೆ ಪೆನ್ಸಿಲ್ ಚಾಚಲಿಲ್ಲ.